ಅಪ್ಪಯ್ಯನಿಗೆ ವಿಆರ್ ಹೆಡ್‌ಸೆಟ್‌ನಲ್ಲಿ ಯಕ್ಷಗಾನದ ಆಟ ತೋರಿಸಬೇಕು, ವಿಡಿಯೊ ಯಾವ ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಲಿ?

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಏನೇನು ಮಾಡಿ ನೋಡಿದೆ ಅಂತ ಹೇಳದೆ ಬರೀ ಪ್ರಶ್ನೆ ಹಾಕಿದರೆ ಉತ್ತರ ಕೊಡುವವರಿಗೂ ಕಷ್ಟ.

ನಮ್ಮದು ಹೊನ್ನಾವರ ತಾಲ್ಲೂಕು, ಶರಾವತಿಯ ಹೊಳೆಸಾಲು. ಅಪ್ಪಯ್ಯನಿಗೆ 81 ವರ್ಷ. ಬಡಗುತಿಟ್ಟಿನ ಯಕ್ಷಗಾನ ಮೇಳಗಳಲ್ಲಿ ಮೂವತ್ತಕ್ಕೂ ಹೆಚ್ಚು ತಿರುಗಾಟ, ಅಂದರೆ ಅಷ್ಟು ವರ್ಷದ ಆಟದ ಕಾಲ, ಮಾಡಿದ ಮದ್ದಳೆಗಾರರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಈಗ ವಾಕರ್ ಹಿಡಿದು ಜಗುಲಿವರೆಗೆ ಬರುತ್ತಾರೆ, ಉಳಿದ ಹೊತ್ತೆಲ್ಲ ದಿಂಬು ಎತ್ತರಿಸಿಕೊಂಡು ಮಂಚದ ಮೇಲೆ ಒರಗಿರುತ್ತಾರೆ. ದೇವಸ್ಥಾನದ ಬಯಲಲ್ಲಿ ಆಟ ಇದ್ದ ರಾತ್ರಿ ಮೈಕಿನ ಸದ್ದು ನಮ್ಮ ಮನೆವರೆಗೂ ಬರುತ್ತದೆ. ಪದ ತಿಳಿಯುವುದಿಲ್ಲ, ಚಂಡೆ ಕೇಳಿಸುತ್ತದೆ. ಆ ರಾತ್ರಿಗಳಲ್ಲಿ ಅವರು ಮಲಗುವುದೇ ಇಲ್ಲ.

ದೀಪಾವಳಿಗೆ ಬಂದ ಅಕ್ಕನ ಮಗ ಕಣ್ಣಿಗೆ ಕಟ್ಟಿಕೊಂಡು ನೋಡುವ ತನ್ನ ಕ್ವೆಸ್ಟ್ 2 ಹೆಡ್‌ಸೆಟ್ (128 ಜಿಬಿಯದು) ನಮ್ಮಲ್ಲೇ ಬಿಟ್ಟು ಹೋದ. ಸುತ್ತಲಿನ 360 ಡಿಗ್ರಿಯನ್ನೂ ಒಟ್ಟಿಗೆ ತೆಗೆಯುವ ಇನ್‌ಸ್ಟಾ360 ಎಕ್ಸ್4 ಕ್ಯಾಮರಾವನ್ನೂ ಕೊಟ್ಟ. ಮೇಳದ ಯಜಮಾನರನ್ನು ಕೇಳಿ, ಒಪ್ಪಿಗೆ ಪಡೆದು, ಕಳೆದ ತಿಂಗಳ ಹರಕೆ ಆಟದಲ್ಲಿ ಸುಮಾರು 40 ನಿಮಿಷ ಚಿತ್ರೀಕರಿಸಿದೆ. ರಂಗಸ್ಥಳದಿಂದ ಮೂವತ್ತು ಅಡಿ ಹಿಂದೆ, ಜನರ ನಡುವೆ ಸ್ಟ್ಯಾಂಡ್ ಇಟ್ಟಿದ್ದೆ. 8ಕೆ (7680×3840 ಪಿಕ್ಸೆಲ್), ಸೆಕೆಂಡಿಗೆ 30 ಫ್ರೇಮ್.

ತೊಂದರೆ ಶುರುವಾದದ್ದು ಎಕ್ಸ್‌ಪೋರ್ಟ್‌ನಲ್ಲಿ, ಅಂದರೆ ತೆಗೆದದ್ದನ್ನು ಹೆಡ್‌ಸೆಟ್ ಓಡಿಸುವ ಫೈಲಾಗಿ ಮಾಡುವಲ್ಲಿ. ಮೊದಲು 3840×1920 ಪಿಕ್ಸೆಲ್, ಎಚ್.264 (ವಿಡಿಯೊ ಕುಗ್ಗಿಸುವ ಒಂದು ಕ್ರಮ), 15 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇಟ್ಟು ತೆಗೆದೆ. ಹೆಡ್‌ಸೆಟ್‌ನಲ್ಲಿ ಓಡಿತು. ಆದರೆ ಎಲ್ಲವೂ ಮಂಜಿನೊಳಗಿಂದ ನೋಡಿದ ಹಾಗೆ, ಕತ್ತಲಿದ್ದ ಕಡೆಯೆಲ್ಲ ಚೌಕ ಚೌಕ. ಪದ ಹೇಳುವ ಭಾಗವತರು ಯಾರು ಅಂತ ಕೂತ ಜಾಗ ನೋಡಿ ಗೊತ್ತಾಯಿತು, ಮುಖ ನೋಡಿ ಅಲ್ಲ ಅಂದರು ಅಪ್ಪಯ್ಯ. ಎರಡನೇ ಸಲ ಎಲ್ಲವನ್ನೂ ದೊಡ್ಡದು ಮಾಡಿದೆ: 7680×3840, ಎಚ್.264, 150 ಎಂಬಿಪಿಎಸ್. ಈ ಫೈಲು ಪೆನ್‌ಡ್ರೈವ್‌ಗೆ ಹೋಗಲೇ ಇಲ್ಲ, ತುಂಬಾ ದೊಡ್ಡದು ಅಂತ ಬಂತು. ಕೇಬಲ್ ಹಾಕಿ ಹೆಡ್‌ಸೆಟ್‌ಗೆ ನೇರ ಸಾಗಿಸಿದರೆ ಚಂಡೆ ಮದ್ದಳೆ ಚೆನ್ನಾಗಿ ಕೇಳಿತು, ಚಿತ್ರ ಪೂರ್ತಿ ಕಪ್ಪು. ಏನೋ ತಪ್ಪು ಒತ್ತಿರಬೇಕು ಅಂತ ಪ್ಲೇಯರ್ ಮೆನುವಿನಲ್ಲಿ ಒಂದೊಂದೇ ಬದಲಿಸುತ್ತ ಹೋದೆ. ಮೊದಲಿನ ಫೈಲಿಗೆ 3ಡಿ, ಮೇಲೆ-ಕೆಳಗೆ ಅನ್ನುವುದನ್ನು ಒತ್ತಿದಾಗ ಒಂದು ಕಣ್ಣಿಗೆ ಆಕಾಶ, ಇನ್ನೊಂದಕ್ಕೆ ನೆಲ ಬಂದು ಅಪ್ಪಯ್ಯ ಹೆಡ್‌ಸೆಟ್ ತೆಗೆದು ಕೈಗೆ ಕೊಟ್ಟರು. ಕಣ್ಣು ನೋವು ಅಂತ ಎರಡು ದಿನ ಅದನ್ನು ಮುಟ್ಟಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ್‍ಯಾಮ್ ಇದೆ, ಜಿಟಿಎಕ್ಸ್ 1650 ಇದೆ. ಅಪ್ಪಯ್ಯನಿಗೆ ಮುಖ್ಯವಾಗಿ ನೋಡಬೇಕಾದದ್ದು ಮದ್ದಳೆಗಾರರ ಕೈ. ವೇಷ ಆಮೇಲೆ. ಬೆರಳು ಕಾಣುವ ಹಾಗೆ ಮಾಡಲು ಯಾವ ಸೆಟ್ಟಿಂಗ್ ಇಡಬೇಕು ಅಂತ ತಿಳಿದವರು ಹೇಳಿ. ಅವರ ಕಣ್ಣಿಗೆ ಮತ್ತೆ ಮತ್ತೆ ಪ್ರಯೋಗ ಮಾಡಲು ನನಗೆ ಮನಸ್ಸಿಲ್ಲ.

ದೊಡ್ಡಪರದೆ:

ಅಕ್ಕಾ, ನಿಮ್ಮ ಎರಡೂ ಫೈಲಿನ ಕಷ್ಟ ಬೇರೆ ಬೇರೆ. ನಾನು ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ 360 ವಿಡಿಯೊ ಮಾಡಿಕೊಡುತ್ತೇನೆ, ಕ್ವೆಸ್ಟ್ 2ರಲ್ಲೇ ದಿನಾ ಪರೀಕ್ಷೆ ನಡೆಯುವುದು.

ಕಪ್ಪು ಚಿತ್ರದ್ದು ಮೊದಲು. ಹೆಡ್‌ಸೆಟ್ ಒಳಗೆ ವಿಡಿಯೊ ಬಿಚ್ಚುವುದಕ್ಕೆ ಚಿಪ್‌ನಲ್ಲೇ ಒಂದು ಭಾಗ ಇರುತ್ತದೆ. ಎಚ್.264 ಚಿತ್ರವನ್ನು 16×16 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಸಾಮಾನ್ಯವಾಗಿ ಚಿಪ್‌ಗಳು ಪಾಲಿಸುವ ಲೆವೆಲ್ 5.2ರಲ್ಲಿ ಒಂದು ಫ್ರೇಮಿಗೆ ಇಂಥ 36,864 ಚೌಕ ಮಾತ್ರ, ಅಂದರೆ 4096×2304. ನಿಮ್ಮ 7680×3840ರಲ್ಲಿ 1,15,200 ಚೌಕ ಇವೆ, ಮೂರು ಪಟ್ಟಿಗಿಂತ ಜಾಸ್ತಿ. ಧ್ವನಿಯ ದಾರಿ ಬೇರೆ, ಅದು ಬಂತು. ಚಿತ್ರ ಬಿಚ್ಚಲಾಗದೆ ಕಪ್ಪಾಯಿತು. ಹೆಡ್‌ಸೆಟ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಅದೇ ಅಳತೆ ಇಟ್ಟು ಎನ್‌ಕೋಡರ್ (ಕುಗ್ಗಿಸುವ ಕ್ರಮ) ಜಾಗದಲ್ಲಿ ಎಚ್.264ರ ನಂತರ ಬಂದ ಎಚ್.265 ಆರಿಸಿ. ಇದೇ ಅಳತೆಯ ಎಚ್.265 ಫೈಲು, 30 ಫ್ರೇಮಿನದು, ನನ್ನ ಕ್ವೆಸ್ಟ್ 2ರಲ್ಲಿ ಸರಾಗವಾಗಿ ಓಡುತ್ತದೆ. ನಾಲ್ಕು ಸಾವಿರ ಪಿಕ್ಸೆಲ್ ಅಗಲ ದಾಟುವ ಯಾವುದಕ್ಕೂ ಎಚ್.264 ಮುಟ್ಟಬೇಡಿ.

ಈಗ ಮಂಜಿನದ್ದು. ಟಿವಿಯಲ್ಲಿ 4ಕೆ ಅಂದರೆ ಅಷ್ಟೂ ಪಿಕ್ಸೆಲ್ ಕಣ್ಣ ಮುಂದೆ ಇರುತ್ತವೆ. 360ರಲ್ಲಿ ಹಾಗಲ್ಲ. 3840 ಪಿಕ್ಸೆಲ್ಲು ಸುತ್ತಲಿನ 360 ಡಿಗ್ರಿಗೆ ಹಂಚಿ ಹೋಗುತ್ತವೆ, ಡಿಗ್ರಿಗೆ ಸುಮಾರು ಹತ್ತೂಮುಕ್ಕಾಲು. ನಿಮ್ಮ ಹೆಡ್‌ಸೆಟ್‌ನಲ್ಲಿ ಒಂದೊಂದು ಕಣ್ಣಿಗೆ 1832×1920. ಸುಮಾರು 90 ಡಿಗ್ರಿ ನೋಟ ಅಂತ ಹಿಡಿದರೂ ಡಿಗ್ರಿಗೆ 20 ಪಿಕ್ಸೆಲ್ ತೋರಿಸುವ ಶಕ್ತಿ ಅದಕ್ಕಿದೆ. ಅದರ ಅರ್ಧವನ್ನಷ್ಟೇ ನೀವು ಕೊಟ್ಟಿದ್ದೀರಿ. 7680 ಇಟ್ಟರೆ ಡಿಗ್ರಿಗೆ 21 ಬರುತ್ತದೆ, ಪರದೆಗೂ ವಿಡಿಯೊಗೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡದು ಮಾಡಿದರೂ ಕ್ವೆಸ್ಟ್ 2ರಲ್ಲಿ ಲಾಭ ಇಲ್ಲ.

ಬಿಟ್‌ರೇಟ್ 15 ಅನ್ನುವುದು ರಾತ್ರಿ ದೃಶ್ಯಕ್ಕೆ ಏನೇನೂ ಸಾಲದು. ಕತ್ತಲಲ್ಲಿ ಕ್ಯಾಮರಾ ಸೆನ್ಸರ್ ಕಾಳು ಕಾಳಾಗಿ ನಾಯ್ಸ್ ಎಬ್ಬಿಸುತ್ತದೆ, ಅದು ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಎನ್‌ಕೋಡರ್ ಇದ್ದ ಬಿಟ್ಟನ್ನೆಲ್ಲ ಆ ಕಾಳಿಗೆ ಸುರಿದು, ಮುಖಕ್ಕೆ ಉಳಿಸುವುದಿಲ್ಲ. ನಿಮ್ಮ ಚೌಕ ಚೌಕ ಬಂದದ್ದು ಅಲ್ಲಿಂದ. ಎಚ್.265ರಲ್ಲಿ 80 ಇಡಿ, ಸಾಲದಿದ್ದರೆ 100. 80 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 10 ಎಂಬಿ, ನಿಮಿಷಕ್ಕೆ 600 ಎಂಬಿ. ನಲವತ್ತು ನಿಮಿಷಕ್ಕೆ 24 ಜಿಬಿ, ನಿಮ್ಮ 128ರಲ್ಲಿ ಹಿಡಿಸುತ್ತದೆ. ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ ಇದ್ದೀತು, ಅದು 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು, ಒಳಗಿರುವುದೆಲ್ಲ ಅಳಿಸಿ ಹೋಗುತ್ತದೆ ಅನ್ನುವುದು ನೆನಪಿರಲಿ. ಮನೆಯ ವೈಫೈ ಮೇಲೆ ಲ್ಯಾಪ್‌ಟಾಪ್‌ನಿಂದ ಓಡಿಸಲು ಹೋಗಬೇಡಿ, ನಡುನಡುವೆ ನಿಲ್ಲುತ್ತದೆ. ಕೇಬಲ್ಲೇ ಸರಿ. ಮೂಲ ಫೈಲಿನಿಂದ ಒಂದೇ ಸಲ ಎಕ್ಸ್‌ಪೋರ್ಟ್ ಆಗಲಿ, ನಡುವೆ ವಾಟ್ಸಾಪ್ ದಾಟಿಸಬೇಡಿ.

ಫೈಲಿನ ಹೆಸರಿನ ಕೊನೆಗೆ ಒಂದು ಅಡಿಗೆರೆ ಹಾಕಿ 360 ಅಂತ ಸೇರಿಸಿ. ಬಹಳಷ್ಟು ಪ್ಲೇಯರ್‌ಗಳು ಅದನ್ನು ಓದಿಕೊಂಡು ತಾವೇ ಸುತ್ತ ಹರಡುತ್ತವೆ. ಎಕ್ಸ್4 ಕೊಡುವುದು ಮೋನೊ, ಎರಡು ಕಣ್ಣಿಗೂ ಒಂದೇ ಚಿತ್ರ. 3ಡಿ ಅನ್ನುವ ಯಾವ ಗುಂಡಿಯನ್ನೂ ಒತ್ತಬಾರದು.

ಎಕ್ಸ್‌ಪೋರ್ಟ್‌ಗೆ ಕೈ ಹಾಕುವ ಮೊದಲು ಇನ್ನೊಂದು. ಕ್ವೆಸ್ಟ್ 2ರ ಒಳಗಿನ ಎರಡು ಲೆನ್ಸನ್ನು ಕೈಯಲ್ಲಿ ಸರಿಸಬಹುದು, ಮೂರು ಸ್ಥಾನ: 58, 63, 68 ಮಿಲಿಮೀಟರ್. ಕಣ್ಣುಗಳ ನಡುವಿನ ಅಂತರಕ್ಕೆ ಹೊಂದಬೇಕು. ಅಕ್ಕನ ಮಗನ ಕಣ್ಣಿಗೆ ಇಟ್ಟದ್ದು ಅಪ್ಪನ ಕಣ್ಣಿಗೆ ಆಗದಿದ್ದರೆ ಯಾವ ಫೈಲು ಹಾಕಿದರೂ ಮಂಜೇ. ಮೂರನ್ನೂ ಸರಿಸಿ, ಯಾವುದರಲ್ಲಿ ಮೆನುವಿನ ಅಕ್ಷರ ಚೂಪಾಗಿ ಕಾಣುತ್ತದೆ ಅಂತ ಅವರನ್ನೇ ಕೇಳಿ. ಕನ್ನಡಕ ಇದ್ದರೆ ಪೆಟ್ಟಿಗೆಯಲ್ಲಿ ಕನ್ನಡಕಕ್ಕೆಂದು ಕೊಟ್ಟ ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ, ಅದನ್ನು ಕೂರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬೇಸರದ ಲೆಕ್ಕ ಹೇಳಬೇಕು. ಮೂವತ್ತು ಅಡಿ ದೂರದಲ್ಲಿ ಏಳು ಇಂಚಿನ ಕೈ ಅಂದರೆ ಸುಮಾರು 1.1 ಡಿಗ್ರಿ. 8ಕೆಯಲ್ಲಿ ಅದಕ್ಕೆ ಸಿಗುವುದು 24 ಪಿಕ್ಸೆಲ್. ಬೆರಳೊಂದಕ್ಕೆ ಮೂರೋ ನಾಲ್ಕೋ. ಅದರಲ್ಲಿ ಬೆರಳು ಕಾಣುವುದಿಲ್ಲ ಅಕ್ಕಾ, ಯಾವ ಎಕ್ಸ್‌ಪೋರ್ಟ್ ಸೆಟ್ಟಿಂಗೂ ಅದನ್ನು ತಂದುಕೊಡುವುದಿಲ್ಲ. ಹತ್ತು ಅಡಿಗೆ ಬಂದರೆ 71 ಪಿಕ್ಸೆಲ್ ಆಗುತ್ತದೆ. ಇದ್ದದ್ದನ್ನು ಈಗ ಚೆನ್ನಾಗಿ ತೆಗೆದು ತೋರಿಸಿ, ಮುಂದಿನ ಸಲ ಹತ್ತಿರ ಹೋಗಿ.

ಚೌಕಿಮನೆ:

ನಾನು ಕುಂದಾಪುರ ಕಡೆಯವ. ಹತ್ತಾರು ವರ್ಷದಿಂದ ಆಟದ ವಿಡಿಯೊ ಮಾಡುತ್ತಾ ಬಂದಿದ್ದೇನೆ, 360 ಕ್ಯಾಮರಾ ಹಿಡಿದು ಎರಡು ತಿರುಗಾಟ ಆಯಿತು. ಮೇಲಿನವರು ಹೇಳಿದ್ದೆಲ್ಲ ಸರಿ. ಬೆಳಕು ಮತ್ತು ಫ್ರೇಮಿನ ಬಗ್ಗೆ ಮಾತ್ರ ನನ್ನದು ಸೇರಿಸುತ್ತೇನೆ.

30 ಫ್ರೇಮ್ ಇಟ್ಟಿದ್ದೀರಿ ಅಂತ ಬರೆದಿದ್ದೀರಿ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಅದಕ್ಕೆ ತಾಳ ಕೂಡುವುದಿಲ್ಲ, ಚಿತ್ರದಲ್ಲಿ ಬೆಳಕು ಉಸಿರಾಡಿದ ಹಾಗೆ ಏರಿಳಿಯುತ್ತದೆ, ಇಲ್ಲವೇ ಪಟ್ಟೆ ಓಡುತ್ತವೆ. ಟಿವಿಯಲ್ಲಿ ಹೇಗೋ ಸಹಿಸಬಹುದು. ಹೆಡ್‌ಸೆಟ್‌ನಲ್ಲಿ ಸುತ್ತ ಲೋಕವೇ ಮಿನುಗಿದ ಹಾಗಾಗಿ ವಯಸ್ಸಾದವರಿಗೆ ತಲೆ ತಿರುಗುತ್ತದೆ. 25 ಅಥವಾ 50 ಇಡಿ, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡಿಗೆ ಕಟ್ಟಿಹಾಕಿ, ಆಟೊದಲ್ಲಿ ಬಿಡಬೇಡಿ. ಯಾವುದರಲ್ಲಿ ತೆಗೆದಿರೋ ಅದರಲ್ಲೇ ಎಕ್ಸ್‌ಪೋರ್ಟ್ ಆಗಲಿ. 25ರಲ್ಲಿ ತೆಗೆದು 60 ಅಂತ ಎಕ್ಸ್‌ಪೋರ್ಟ್ ಮಾಡಿದರೆ ಇದ್ದ ಫ್ರೇಮೇ ಕೆಲವು ಎರಡು ಸಲ, ಕೆಲವು ಮೂರು ಸಲ ಬಂದು ನಡೆ ಕುಂಟುತ್ತದೆ.

25ಕ್ಕೂ 50ಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ಹೆಡ್‌ಸೆಟ್ ಹಾಕಿಕೊಂಡು ತಲೆ ತಿರುಗಿಸುವಾಗ ಚಿತ್ರ ಹಿಂಬಾಲಿಸುವುದು ಹೆಡ್‌ಸೆಟ್‌ನ ಸ್ವಂತ ವೇಗದಲ್ಲಿ, 72 ಅಥವಾ 90ರಲ್ಲಿ. ಅದಕ್ಕೂ ವಿಡಿಯೊ ಫ್ರೇಮಿಗೂ ಸಂಬಂಧ ಇಲ್ಲ. ಚಿತ್ರದೊಳಗೆ ಓಡಾಡುವವರಿಗೆ ಮಾತ್ರ ಫ್ರೇಮ್ ಲೆಕ್ಕ. ಮಂಡಿ ಹಾಕುವಾಗ, ಗಿರ್ಕಿ ತಿರುಗುವಾಗ 25ರಲ್ಲಿ ವೇಷ ಹರಿದು ಹರಿದು ಕಾಣುತ್ತದೆ. ಎಕ್ಸ್4ರಲ್ಲಿ 50 ಫ್ರೇಮ್ ಬೇಕೆಂದರೆ 5760×2880ಕ್ಕೆ ಇಳಿಯಬೇಕು, ಡಿಗ್ರಿಗೆ 16 ಪಿಕ್ಸೆಲ್. ವೀರ ವೇಷದ ಕುಣಿತಕ್ಕೆ ನಾನು ಕಣ್ಣು ಮುಚ್ಚಿ ಅದನ್ನೇ ಆರಿಸುತ್ತೇನೆ. ನಿಮ್ಮ ತಂದೆಯವರಿಗೆ ಹಿಮ್ಮೇಳ (ಭಾಗವತರು, ಮದ್ದಳೆ, ಚಂಡೆ) ಬೇಕಿರುವುದರಿಂದ ಕೂತವರಿಗೆ 8ಕೆ, 25 ಸಾಕು ಅನ್ನಿಸುತ್ತದೆ. ಮದ್ದಳೆಯ ಮೇಲೆ ಬೆರಳು ಓಡುವ ವೇಗಕ್ಕೆ 25ರಲ್ಲಿ ಸ್ವಲ್ಪ ಮಸುಕು ಬರುತ್ತದೆ. ಶಟರ್ 100ರಲ್ಲಿ ಒಂದು ಇಟ್ಟರೆ ಆ ಮಸುಕು ಅರ್ಧ ಕಮ್ಮಿ.

ಇನ್ನು ಇಡುವ ಕ್ರಮ. ಕ್ಯಾಮರಾಕ್ಕೆ ಎರಡು ಲೆನ್ಸು, ಎರಡರ ಚಿತ್ರ ಕೂಡುವ ಹೊಲಿಗೆ ಎಡಬಲದಲ್ಲಿ ಬರುತ್ತದೆ. ಒಂದು ಲೆನ್ಸು ನೇರ ರಂಗಸ್ಥಳಕ್ಕೆ ಮುಖ ಮಾಡಿರಲಿ. ಹೊಲಿಗೆ ಭಾಗವತರ ಮೇಲೆ ಬಿದ್ದರೆ ಅವರ ತಲೆಯ ಮುಂಡಾಸು ಎರಡು ತುಂಡಾಗಿ ಕಾಣುತ್ತದೆ. ಎತ್ತರ ನಾಲ್ಕು ಅಡಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟ. ಜನರ ತಲೆ ಅಡ್ಡ ಬರುತ್ತದೆ ಅಂತ ಏಳು ಅಡಿಗೆ ಏರಿಸಿದರೆ ನೋಡುವವರಿಗೆ ಗಾಳಿಯಲ್ಲಿ ತೂಗಿಬಿಟ್ಟ ಹಾಗೆ ಆಗುತ್ತದೆ, ನಮ್ಮ ದೊಡ್ಡಮ್ಮ ಅದಕ್ಕೇ ಹೆದರಿದ್ದರು.

ಹೊಳೆಸಾಲು:

ಇಬ್ಬರಿಗೂ ಎಷ್ಟು ಉಪಕಾರ ನೆನೆದರೂ ಸಾಲದು. ಲೆನ್ಸು 68ರಲ್ಲಿತ್ತು. 63ಕ್ಕೆ ಸರಿಸಿ ಕನ್ನಡಕದ ಚೌಕಟ್ಟು ಕೂರಿಸಿದ ಕೂಡಲೇ ಮೆನುವಿನ ಅಕ್ಷರ ಓದಿದರು. ಎಚ್.265, 80ರಲ್ಲಿ ಮೂವತ್ತು ಸೆಕೆಂಡಿನ ತುಂಡು ತೆಗೆದು ಮೊದಲು ನಾನೇ ನೋಡಿದೆ, ಆಮೇಲೆ ಅವರಿಗೆ ಹಾಕಿದೆ. ಈ ಸಲ ಭಾಗವತರ ಮುಖ ಗುರುತು ಸಿಕ್ಕಿತು, ಹೆಸರು ಹಿಡಿದು ಕರೆದರು. ಬೆಳಕು ಏರಿಳಿಯುವುದು ನಿಜ, ಚೌಕಿಮನೆಯವರು ಹೇಳಿದ ಮೇಲೆ ನನಗೂ ಕಂಡಿತು.

ಎರಡು ಸಂಶಯ. ಅವರು ಒರಗಿ ಮಲಗಿ ನೋಡುವವರು. ರಂಗಸ್ಥಳ ಕಾಣಬೇಕೆಂದರೆ ಗಲ್ಲ ಎದೆಗೆ ತಗಲುವಷ್ಟು ತಲೆ ಬಗ್ಗಿಸಬೇಕಾಗುತ್ತದೆ, ಕುತ್ತಿಗೆ ನೋವು ಬರುತ್ತಿದೆ. ಇನ್ನೊಂದು, ಹೇಗೂ ಹಿಂದೆ ತಿರುಗಿ ನೋಡುವುದಿಲ್ಲವಲ್ಲ, ಹಿಂಭಾಗದ ಕತ್ತಲನ್ನು ಕತ್ತರಿಸಿ ತೆಗೆದರೆ ಫೈಲು ಹಗುರ ಆಗುತ್ತದೆಯೇ?

ದೊಡ್ಡಪರದೆ:

ಎರಡಕ್ಕೂ ಒಂದೇ ಮದ್ದು ಇದೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಧನದಲ್ಲಿ ವಿ360 ಅಂತ ಒಂದು ಫಿಲ್ಟರ್ ಬರುತ್ತದೆ. ಪೂರ್ತಿ ಗೋಳವನ್ನು ಒಳಗೆ ಕೊಟ್ಟು, ಅರ್ಧ ಗೋಳವನ್ನು ಹೊರಗೆ ಕೇಳಬಹುದು. ಅದರಲ್ಲೇ ಪಿಚ್ ಅನ್ನುವ ಕಡೆ 30 ಅಂತ ಕೊಟ್ಟರೆ ಲೋಕ ಅಷ್ಟು ಡಿಗ್ರಿ ವಾಲುತ್ತದೆ; ಮೇಲಕ್ಕೋ ಕೆಳಕ್ಕೋ ಅನ್ನುವುದು ಕೂಡು ಚಿಹ್ನೆ, ಕಳೆ ಚಿಹ್ನೆಯ ಮೇಲೆ ಹೋಗುತ್ತದೆ, ಹತ್ತು ಸೆಕೆಂಡಿನ ತುಂಡಲ್ಲಿ ನೋಡಿಕೊಳ್ಳಿ. ರಂಗಸ್ಥಳ ಸೂರಿನ ಕಡೆಗೆ ಏರಿ, ಒರಗಿದವರಿಗೆ ನೇರ ಎದುರು ಬರುತ್ತದೆ. ಮಂಚದ ಓರೆಯನ್ನು ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ ಅಳೆದು ಆ ಸಂಖ್ಯೆ ಹಾಕಿ. ಕೆಲವು ಪ್ಲೇಯರ್‌ಗಳಲ್ಲೇ ವಾಲಿಸುವ ಗುಂಡಿ ಇರುತ್ತದೆ, ಅದಿದ್ದರೆ ಇಷ್ಟು ಕಷ್ಟ ಬೇಡ.

ಅರ್ಧ ಗೋಳ ಅಂದರೆ 3840×3840. ಡಿಗ್ರಿಗೆ ಅದೇ 21 ಪಿಕ್ಸೆಲ್, ಒಟ್ಟು ಪಿಕ್ಸೆಲ್ ಅರ್ಧ, 50 ಎಂಬಿಪಿಎಸ್ ಸಾಕು. ಹೆಸರಿನ ಕೊನೆಗೆ 360ರ ಬದಲು 180. ಇದೂ ಎಚ್.265ರಲ್ಲೇ ಇರಬೇಕು, 57,600 ಚೌಕ ಆಗುತ್ತದೆ. ಹೀಗೆ ಎರಡನೇ ಸಲ ಎನ್‌ಕೋಡ್ ಆಗುವುದರಿಂದ ಇನ್‌ಸ್ಟಾ360 ಸ್ಟುಡಿಯೊದಿಂದ (ಕ್ಯಾಮರಾ ಕಂಪನಿಯ ತಂತ್ರಾಂಶ) ಮೊದಲು ತೆಗೆಯುವ ಫೈಲನ್ನು 150ರ ಮೇಲೆ ಇಡಿ, ಅದು ನಡುವಿನ ಪ್ರತಿ, ಕೆಲಸ ಮುಗಿದ ಮೇಲೆ ಅಳಿಸಬಹುದು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಪ್ರಯತ್ನಿಸಬೇಡಿ, ಅದು 3840×2160 ದಾಟಿ ಹೊರಗೆ ಕೊಡುವುದಿಲ್ಲ. ನಿಮ್ಮ 1650 ಕಾರ್ಡಿನ ಎನ್‌ಕೋಡರ್ ಬಳಸಿದರೂ ಹೊತ್ತು ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ.

ತಾಳಮಾನ:

ಇಷ್ಟು ಹೊತ್ತು ಓದಿದೆ, ಧ್ವನಿಯ ಬಗ್ಗೆ ಯಾರೂ ಎತ್ತಲಿಲ್ಲ. ನೋಡುವವರು ಮದ್ದಳೆಗಾರರು! ಅವರಿಗೆ ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ಪೆಟ್ಟು ತಪ್ಪಿದರೆ ನಡೆಯುವುದಿಲ್ಲ.

ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಇಯರ್‌ಫೋನ್ ದಯವಿಟ್ಟು ಜೋಡಿಸಬೇಡಿ. ಧ್ವನಿ ಕಟ್ಟಿ ಕಳಿಸಿ ಬಿಚ್ಚುವಷ್ಟರಲ್ಲಿ ಅದು ತಡವಾಗಿ ಬರುತ್ತದೆ. ಮಾತಿಗೆ ಅಷ್ಟು ಗೊತ್ತಾಗುವುದಿಲ್ಲ. ಕೈ ಬಿದ್ದದ್ದು ಕಂಡು ಆಮೇಲೆ ನಾದ ಕೇಳಿದರೆ ಜೀವಮಾನ ಮದ್ದಳೆ ನುಡಿಸಿದವರಿಗೆ ಅದು ಹಿಂಸೆ. ಕ್ವೆಸ್ಟ್ 2ರ ಪಕ್ಕದಲ್ಲಿ 3.5 ಮಿಲಿಮೀಟರ್ ತೂತು ಇದೆ, ವೈರಿನ ಸ್ಪೀಕರ್ ಅಥವಾ ಹೆಡ್‌ಫೋನ್ ಅಲ್ಲಿಗೆ ಸಿಕ್ಕಿಸಿ. ಅವರು ಕಿವಿಯ ಯಂತ್ರ ಹಾಕುತ್ತಾರೆಯೇ? ಹಾಕಿದರೆ ಹೆಡ್‌ಸೆಟ್ ಪಟ್ಟಿ ಅದರ ಮೇಲೆ ಒತ್ತಿ ಕುಂಯ್‌ಗುಡುತ್ತದೆ, ಆಗ ತಲೆದಿಂಬಿನ ಬಳಿ ವೈರಿನ ಸ್ಪೀಕರ್ ಇಡುವುದೇ ಒಳ್ಳೆಯದು.

ಎಕ್ಸ್‌ಪೋರ್ಟ್‌ನಲ್ಲಿ ಧ್ವನಿ ಎಎಸಿ (ಧ್ವನಿ ಕುಗ್ಗಿಸುವ ಕ್ರಮ), 48 ಕಿಲೋಹರ್ಟ್ಜ್, 320 ಕೆಬಿಪಿಎಸ್ ಇಡಿ. ವಿಡಿಯೊ 24 ಜಿಬಿ ಇರುವಾಗ ಧ್ವನಿಯಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಕ್ಯಾಮರಾದ ಮೈಕು ಚಂಡೆಯ ಮೊದಲ ಉರುಳಿಕೆಗೇ ಒಡೆಯುತ್ತದೆ, ಒಡೆದ ಧ್ವನಿಯನ್ನು ಆಮೇಲೆ ಯಾವುದೂ ಸರಿಮಾಡುವುದಿಲ್ಲ. ಒಂದು ಸಾದಾ ರೆಕಾರ್ಡರ್ ಸಿಕ್ಕಿದರೆ ಬೇರೆಯಾಗಿ ಇಡಿ. ಶುರುವಿನಲ್ಲಿ ಕ್ಯಾಮರಾ ಎದುರು ಒಂದು ಚಪ್ಪಾಳೆ ತಟ್ಟಿ, ಕೈ ಕೂಡಿದ ಫ್ರೇಮಿಗೆ ಧ್ವನಿಯ ಮೊನೆಯನ್ನು ಕೂಡಿಸಿದರಾಯಿತು. ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. ಎರಡು ಯಂತ್ರಗಳ ಗಡಿಯಾರ ನಲವತ್ತು ನಿಮಿಷದಲ್ಲಿ ಸ್ವಲ್ಪ ಜಾರಿರುತ್ತದೆ.

ಹೊಳೆಸಾಲು:

ಹತ್ತು ದಿನ ಆಯಿತು, ಆದದ್ದನ್ನು ಬರೆಯುತ್ತೇನೆ.

ದೊಡ್ಡಪರದೆಯವರು ಹೇಳಿದ ಹಾಗೆ 180ರ ಫೈಲು ಮಾಡಿದೆ. ಮಂಚದ ಓರೆ 35 ಡಿಗ್ರಿ ಇತ್ತು. ಹತ್ತು ಸೆಕೆಂಡಿನ ಮೊದಲ ತುಂಡಿನಲ್ಲಿ ರಂಗಸ್ಥಳ ನೆಲದೊಳಗೆ ಹೋಯಿತು, ಚಿಹ್ನೆ ಬದಲಿಸಿದ ಮೇಲೆ ಸರಿಯಾಗಿ ಎದುರು ಬಂತು. ಕುತ್ತಿಗೆ ನೋವು ಹೋಯಿತು. ಕಿವಿಯ ಯಂತ್ರ ಹೌದು, ಹಾಕುತ್ತಾರೆ, ತಾಳಮಾನರು ನೋಡಿದವರ ಹಾಗೆ ಬರೆದಿದ್ದೀರಿ. ಹಳೆಯ ಕಂಪ್ಯೂಟರಿನ ವೈರು ಸ್ಪೀಕರ್ ತಂದು ದಿಂಬಿನ ಎರಡು ಬದಿಗೆ ಇಟ್ಟೆ.

ಮೊದಲ ಹದಿನೈದು ನಿಮಿಷ ಅಲ್ಲಾಡದೆ ನೋಡಿದರು. ಬಲಗೈ ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು. ಆಮೇಲೆ ತಲೆ ಎಡಕ್ಕೆ ತಿರುಗಿತು, ಇನ್ನೂ ತಿರುಗಿತು. ಜನ ಎಷ್ಟಿದ್ದಾರೆ ಅಂತ ಕೇಳಿದರು. ಹಿಂದೆ ಬರೀ ಕಪ್ಪು, ನಾನೇ ಕತ್ತರಿಸಿ ತೆಗೆದಿದ್ದೆ. ಜನ ಇರಲಿಲ್ಲವಾ ಅಂತ ಮತ್ತೆ ಕೇಳಿದರು. ಇದ್ದರು ಅಪ್ಪಯ್ಯ, ತುಂಬಾ ಜನ ಇದ್ದರು ಅಂದೆ.

ಮರುದಿನ ಪೂರ್ತಿ 360ನ್ನೇ ವಾಲಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ: 7680×3840, ಎಚ್.265, 90 ಎಂಬಿಪಿಎಸ್. ಈ ಸಲ ರಂಗಸ್ಥಳ ನೋಡಿದ್ದು ಕಮ್ಮಿ. ಹಿಂದೆ ತಿರುಗಿ ಚಾಪೆಯ ಮೇಲೆ ಕೂತ ಮಕ್ಕಳು, ಆಚೆ ಕಡಲೆ ಮಾರುವವನ ದೀಪ, ಕುರ್ಚಿಯಲ್ಲಿ ತೂಕಡಿಸುವವರು, ಎಲ್ಲರನ್ನೂ ಎಣಿಸುವ ಹಾಗೆ ನೋಡಿದರು. ಆಮೇಲೆ ಹೆಡ್‌ಸೆಟ್ ತೆಗೆದು ಹೇಳಿದ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಆಟವನ್ನು ಈ ಕಡೆಯಿಂದ ನೋಡಿದ್ದೇ ಕಮ್ಮಿ, ನನಗೆ ಕಾಣುತ್ತಿದ್ದದ್ದು ವೇಷದ ಬೆನ್ನು, ಅದರಾಚೆ ಜನ ಅಂದರು. ಎಡಕ್ಕೆ ಭಾಗವತರ ಮಂಡಿ ಕಾಣಬೇಕು, ವೇಷದವನು ಹೆಜ್ಜೆ ಎತ್ತುವ ಮೊದಲು ಹೆಗಲು ಸ್ವಲ್ಪ ಏಳುತ್ತದೆ, ಅದನ್ನು ನೋಡಿಕೊಂಡು ಮುಕ್ತಾಯ (ತಾಳದ ಕೊನೆಯ ಪೆಟ್ಟುಗಳು) ಹಾಕುತ್ತಿದ್ದೆ ಅಂತ ಕೈ ಮಾಡಿ ತೋರಿಸಿದರು. ಮೂವತ್ತು ಅಡಿಯೋ ಹತ್ತು ಅಡಿಯೋ ಅಂತ ನಾನು ಲೆಕ್ಕ ಹಾಕುತ್ತಾ ಕೂತಿದ್ದು ಎದುರಿನ ದಿಕ್ಕಿನಿಂದ. ಕ್ಯಾಮರಾ ಇರಬೇಕಾದದ್ದು ಹಿಮ್ಮೇಳದಲ್ಲಿ.

ಮಳೆ ಹಿಡಿಯುವ ಮೊದಲು ಪಕ್ಕದೂರಿನಲ್ಲಿ ಇನ್ನೊಂದು ಹರಕೆ ಆಟ ಇದೆ. ಭಾಗವತರ ಮನೆಗೇ ಹೋಗಿ ಕೇಳಿದೆ. ಅಪ್ಪಯ್ಯನ ಹೆಸರು ಹೇಳಿದ ಕೂಡಲೇ ಒಪ್ಪಿದರು, ಮದ್ದಳೆಗಾರರೂ ಒಪ್ಪಿದ್ದಾರೆ. ತೆಳ್ಳಗಿನ ಸ್ಟ್ಯಾಂಡು, ಮದ್ದಳೆಯಿಂದ ಮೂರು ಅಡಿ, ಕೂತವರ ಕಣ್ಣಿನ ಎತ್ತರ. ಒಂದು ಲೆನ್ಸು ಮದ್ದಳೆಯ ಕಡೆಗೆ, ಇನ್ನೊಂದು ಭಾಗವತರ ಕಡೆಗೆ ಇಡಬೇಕೆಂದಿದ್ದೇನೆ. ಹಾಗಾದರೆ ಹೊಲಿಗೆ ಬೀಳುವುದು ರಂಗದ ನಡುವೆ, ವೇಷದ ಮೇಲೆ, ಅದು ದೂರ ಇರುವುದರಿಂದ ಅಷ್ಟು ಕಾಣಲಿಕ್ಕಿಲ್ಲ ಅಲ್ಲವೇ ಚೌಕಿಮನೆಯವರೇ? ಮೂರು ಅಡಿಯಲ್ಲಿ ಕೈಗೆ 230 ಪಿಕ್ಸೆಲ್ ದಾಟುತ್ತದೆ, ನಾನೇ ಲೆಕ್ಕ ಮಾಡಿದೆ. 8ಕೆ, 25 ಫ್ರೇಮ್, ಶಟರ್ 100ರಲ್ಲಿ ಒಂದು. ಈ ಸಲ ಏನನ್ನೂ ಕತ್ತರಿಸುವುದಿಲ್ಲ.

ಅಲ್ಲಿ ಚಂಡೆ ಕೈಗೆಟಕುವ ದೂರದಲ್ಲಿ ಇರುತ್ತದೆ. ರೆಕಾರ್ಡರ್ ಒಂದನ್ನು ಬಾಡಿಗೆಗೆ ತರುತ್ತಿದ್ದೇನೆ. ತಾಳಮಾನರೇ, ಧ್ವನಿಯ ಮಟ್ಟ ಎಷ್ಟಕ್ಕೆ ಇಳಿಸಿ ಇಡಲಿ? ಮದ್ದಳೆಯ ಛಾಪು ಪೆಟ್ಟು ಕೇಳಬೇಕು, ಚಂಡೆ ಒಡೆಯಬಾರದು.